ಮುಂದಿನ ಚಿತ್ರಕ್ಕೂ ಇದೇ ಊರು

ರಬ್ಬರ್ ವೇಷದ ದೈತ್ಯಮೃಗ ಮೊಣಕಾಲೆತ್ತರದ ಮನೆಯ ಮೇಲೆ ಕಾಲೆತ್ತಿದ್ದೇ ತಡ, ನಿರ್ದೇಶಕರು ಕೂಗಿದರು: “ತುಳೀಬೇಡಿ ಕುವಬಾರಾ-ಸಾನ್! ಮುಂದಿನ ಚಿತ್ರಕ್ಕೂ ಇದೇ ಊರು. ತುಳಿಯೋದನ್ನ ಹಳೇ ರೀಲಿಂದ ಸೇರಿಸ್ಕೊಳ್ತೀವಿ.”

ತ್ಸುರುದಾ ಬೆಚ್ಚಿದ. ಆ ಮೃಗ ತುಳಿಯಲೆಂದೇ ಇಪ್ಪತ್ತು ವರ್ಷದಿಂದ ಪುಟ್ಟ ಟೋಕಿಯೋವನ್ನು ಮತ್ತೆ ಮತ್ತೆ ಕಟ್ಟಿದವನು ಅವನು. ಚೆಂದವಾಗಿ ಕುಸಿಯಲಿ ಎಂದು ಈ ಮನೆಯ ಕಂಬಗಳನ್ನೂ ಬೆಳಿಗ್ಗೆ ಅರ್ಧ ಕೊಯ್ದಿಟ್ಟಿದ್ದ.

ಮೃಗ ಕಾಲನ್ನು ಹಿಂದಕ್ಕೆಳೆದುಕೊಂಡಿತು. ಸೂರಿಗೆ ತಾಗೀತೆಂದು ಬಾಲವನ್ನು ಕಂಕುಳಲ್ಲಿ ಅವುಚಿಕೊಂಡು, ಗಲ್ಲಿಯಲ್ಲಿ ಅಡ್ಡಡ್ಡ ನಡೆದು ಹೊರಬಂತು. ರಬ್ಬರ್ ಗಂಟಲೊಳಗಿಂದ ಕುವಬಾರಾನ ದನಿ ಕೇಳಿತು: “ನಿಮ್ಮ ಮನೆಗೆ ಏನೂ ಆಗ್ಲಿಲ್ಲ ತಾನೇ, ತ್ಸುರುದಾ-ಸಾನ್?”

“ಏನೂ ಆಗ್ಲಿಲ್ಲ,” ಎಂದ ತ್ಸುರುದಾ, ಅಂಟಿನ ಡಬ್ಬಿ ಹಿಡಿದು ಮಂಡಿಯೂರಿದ. ತಾನೇ ಕೊಯ್ದಿದ್ದ ಕಂಬಗಳಿಗೆ ಒಂದೊಂದಾಗಿ ಅಂಟು ತುಂಬತೊಡಗಿದ.