ಪಂಪ್‌ಹೌಸಿಗೆ ಮೂಡಿದ ಬಳೆಗಳು

ವಾರಿಜಾಳ ಅತ್ತಿಗೆ ಬಸುರಿಯಾಗುವ ಮೊದಲೇ ಮನೆಯ ತೊಲೆಯಲ್ಲಿ ತೊಟ್ಟಿಲ ಕೊಂಡಿ ಮೂಡಿತ್ತು. ಎಲ್ಲರ ಮನೆಯಲ್ಲೂ ಹಾಗೆಯೇ. ಮುಂದೆ ಬೇಕಾಗುವುದನ್ನು ಕಟ್ಟಡಗಳು ಮೊದಲೇ ಬೆಳೆಸಿಕೊಳ್ಳುತ್ತವೆ. ಮೂಡಿದ್ದಕ್ಕೆ ಅರಿಶಿನ ಕುಂಕುಮ ಹಚ್ಚಿದರಾಯಿತು.

ಹಾಗಾಗಿ ಹೊಳೆದಂಡೆಯ ಹಳೆಯ ಪಂಪ್‌ಹೌಸಿನ ಶತಮಾನೋತ್ಸವದ ವಾರ, ಆ ಕೆಂಪು ಇಟ್ಟಿಗೆಯ ಗೋಡೆಯಲ್ಲಿ, ಎತ್ತರದ ಕಮಾನು ಕಿಟಕಿಗಳಿಗಿಂತಲೂ ಮೇಲೆ, ಸಾಲಾಗಿ ಕಬ್ಬಿಣದ ಬಳೆಗಳು ಮೂಡಿದಾಗ ಪುರಸಭೆಯವರಿಗೆ ಖುಷಿಯೋ ಖುಷಿ. ಹಾರ ಕಟ್ಟಲೆಂದೇ ಕಟ್ಟಡ ಇವನ್ನು ಬೆಳೆಸಿಕೊಂಡಿದೆ ಎಂದು ಅಧ್ಯಕ್ಷರು ಪತ್ರಿಕೆಯವರನ್ನೂ ಕರೆಸಿದರು. ಪುರಸಭೆಯ ಇಂಜಿನಿಯರ್ ವಾರಿಜಾ ಕೂಡ ಹಾಗೇ ಅಂದುಕೊಂಡು ಅರಿಶಿನದ ಬಟ್ಟಲು ಹಿಡಿದು ಏಣಿ ಹತ್ತಿದಳು.

ಕೆಳಗೆ ಏಣಿ ಹಿಡಿದಿದ್ದ ಹೂವಿನ ದ್ಯಾಮಣ್ಣ ಕೂಗಿದ: "ಮೇಡಂ, ಚೆಂಡುಹೂವಿನ ಸರ ಕೊಡ್ಲಾ?"

ಅವಳು ಬಳೆಯನ್ನು ಹಿಡಿದು ನೋಡಿದಳು. ಹೂವಿನ ಸರಕ್ಕೆ ಇಷ್ಟು ದಪ್ಪದ ಕಬ್ಬಿಣ ಯಾಕೆ? ಇಂಥದೇ ಬಳೆಗಳನ್ನು ಅವಳು ದಿನವೂ ನೋಡುತ್ತಿದ್ದಳು, ದೂರ ಕೆಳಗೆ, ಹೊಳೆಯ ಮೆಟ್ಟಿಲುಗಳಲ್ಲಿ. ಅಂಬಿಗರು ದೋಣಿ ಕಟ್ಟುವುದು ಅವಕ್ಕೇ.

ಬಟ್ಟಲು ಕೈಜಾರಿತು. ತಿರುಗಿ ನೋಡಿದರೆ ಊರಿನ ಮನೆಗಳ ಮಾಡುಗಳೆಲ್ಲ ಅವಳ ಕಾಲಿಗಿಂತ ಕೆಳಗಿದ್ದವು.

"ಏನಾಯ್ತು ಮೇಡಂ?" ಮೈಮೇಲೆ ಬಿದ್ದ ಅರಿಶಿನ ಕೊಡವುತ್ತಾ ದ್ಯಾಮಣ್ಣ ಕೇಳಿದ.

ಅವಳು ಏಣಿಯ ಮೇಲಿಂದಲೇ ಕೇಳಿದಳು: "ದ್ಯಾಮಣ್ಣಾ, ನಿಮ್ಮನೇಲಿ ಈ ವರ್ಷ ಏನಾದ್ರೂ ಮೂಡಿದ್ಯಾ?"

"ಎಲ್ಲಿ ಮೇಡಂ, ನಮ್ಮ ಬೀದೀಲೇ ಯಾರ ಮನೇಲೂ ಒಂದು ಮೊಳೆನೂ ಮೂಡಿಲ್ಲ. ಸೊಸೆಗೆ ಏಳು ತಿಂಗಳು ತುಂಬ್ತು, ತೊಟ್ಟಿಲ ಕೊಂಡಿ ಇನ್ನೂ ಕಾಣ್ಲಿಲ್ಲ."