ನಾಲ್ಕನೇ ಜೊತೆ ಬಲ್ಬು

“ಇನ್ನೂ ಕತ್ತಲೆ,” ಎಂದರು ಬಿಳಿ ಕಾರಿನವರು, ಕಾರಿನಿಂದ ಇಳಿಯುವ ಮೊದಲೇ.

ಬಲ್ಬಿನವನು ಬಟ್ಟೆಗೆ ಕೈ ಒರೆಸಿಕೊಂಡ. ಒಂದೇ ತಿಂಗಳಲ್ಲಿ ಇದು ನಾಲ್ಕನೇ ಸಲ. ಮೊದಲು ಹೆಡ್‌ಲೈಟಿನ ಕಂಪನಿ ಬಲ್ಬು ತೆಗೆಸಿ ನೂರು ವಾಟಿನದು ಹಾಕಿಸಿದ್ದರು. ಅದು ಮಂಕು ಅನ್ನಿಸಿ ಹಾಲಿನಂಥ ಬಿಳಿ ಬೆಳಕಿನದು. ಅದೂ ಸಾಲದೆ ಹೋದ ವಾರ, ಬೆನ್ನಿಗೆ ಪುಟ್ಟ ಫ್ಯಾನಿರುವ ಎಲ್‌ಇಡಿ. ಆ ಡಬ್ಬದ ಮೇಲೆ ಹುಲಿಯ ಚಿತ್ರವಿತ್ತು, ಮೂರು ಪಟ್ಟು ಬೆಳಕಿನ ಆಣೆಯೂ ಇತ್ತು. ಹಾಕಿಸಿಕೊಂಡು ಹೋದ ಸಂಜೆಯೇ ಎದುರಿಗೆ ಬಂದ ಲಾರಿಯವನೊಬ್ಬ ಗಾಡಿ ನಿಲ್ಲಿಸಿ, ಇಳಿದು ಬಂದು, ಇವರ ವಂಶದ ಮೂರು ತಲೆಮಾರನ್ನೂ ನೆನೆದು ಹೋಗಿದ್ದನಂತೆ. ಅವನಿಗೆ ಕಣ್ಣು ಕುಕ್ಕುವ ಬೆಳಕು. ಇವರಿಗೆ ಮಾತ್ರ ಕತ್ತಲೆ.

ಮನೆಯವರು ಇನ್ನು ಈ ಕಾರು ಹತ್ತುವುದಿಲ್ಲ ಎಂದು ಕೂತಿದ್ದಾರೆ ಎಂದು ಬಿಳಿ ಕಾರಿನವರು ಗೋಳು ತೋಡಿಕೊಂಡರು. ಗೇಟಿನ ಕಂಬಕ್ಕೆ ಎರಡು ಸಲ ಉಜ್ಜಿದ್ದೇ ಅದಕ್ಕೆ ನೆಪ. ಬೆಳಕು ನೆಟ್ಟಗಿದ್ದಿದ್ದರೆ ಕಂಬ ಕಾಣುತ್ತಿರಲಿಲ್ಲವೇ?

‘ತೃಪ್ತಿಯಾಗುವವರೆಗೂ ಬದಲಿಸಿ ಕೊಡುತ್ತೇವೆ’ ಎಂದು ಅಂಗಡಿಯ ಬೋರ್ಡಿನಲ್ಲಿ ಬರೆಸಿದ್ದು ಬಲ್ಬಿನವನೇ. ಬರೆಸುವಾಗ ಇಂಥವರೊಬ್ಬರು ಭೂಮಿಯ ಮೇಲಿದ್ದಾರೆಂದು ಅವನಿಗೆ ಗೊತ್ತಿರಲಿಲ್ಲ. ಬಾನೆಟ್ ಎತ್ತಿದ. ದೀಪದ ಹಿಂದಿನ ಸಂದಿಗೆ ಕೈ ತೂರಿಸಿ, ಮುಖ ಬೇರೆಲ್ಲೋ ತಿರುಗಿಸಿ, ಬೆರಳಲ್ಲೇ ಕ್ಲಿಪ್ಪು ಬಿಚ್ಚಿ ಬಲ್ಬನ್ನು ಈಚೆಗೆ ತೆಗೆದ. ಕೆಲಸ ಮಾಡುವಾಗ ಅವನು ಕೈ ಕಡೆ ನೋಡುವುದೇ ಇಲ್ಲ. ಅವನ ಬೆರಳ ತುದಿಯಲ್ಲೇ ಕಣ್ಣಿದೆ ಎಂದು ಬೀದಿಯಲ್ಲೆಲ್ಲ ಹೆಸರು. ಡಬ್ಬದ ಮೇಲಿನ ನಂಬರು, ಗ್ಯಾರಂಟಿಯ ತಾರೀಖು, ಇಂಥ ಚಿಲ್ಲರೆ ಓದೆಲ್ಲ ಕೌಂಟರಿನಲ್ಲಿ ಕೂತ ಹೆಂಡತಿಯ ಪಾಲು. ಯಜಮಾನನಾದವನು ಅದನ್ನೆಲ್ಲ ಓದುತ್ತಾ ಕೂರುತ್ತಾನೆಯೇ?

ಹೆಂಡತಿ ನಾಲ್ಕನೇ ಡಬ್ಬ ಕೈಗಿಡುತ್ತಾ, “ಸೋಮವಾರದ್ದು ನೆನಪಿದೆ ತಾನೇ?” ಎಂದಳು ಮೆಲ್ಲಗೆ.

ನೆನಪಿಲ್ಲದೆ ಏನು. ಬೆಳಗಿನ ಹೊತ್ತು ಅವನು ಶಾಲೆಯ ವ್ಯಾನು ಓಡಿಸುತ್ತಾನೆ. ಮನೆ ನಡೆಯುತ್ತಿರುವುದೇ ಅದರಿಂದ. ಅಂಗಡಿ ಬರೀ ಹೆಸರಿಗೆ. ಸೋಮವಾರ ಲೈಸೆನ್ಸು ಹೊಸದು ಮಾಡಿಸಬೇಕು. ಡಾಕ್ಟರ ಸರ್ಟಿಫಿಕೇಟು ಇಲ್ಲದೆ ಬಂದರೆ ಮಂಗಳವಾರ ವ್ಯಾನಿನ ಬೀಗದ ಕೈ ಇನ್ನೊಬ್ಬನ ಜೇಬಿಗೆ ಎಂದು ಶಾಲೆಯವರು ಹೇಳಿಬಿಟ್ಟಿದ್ದರು.

ಹೊಸ ಬಲ್ಬು ಹೊತ್ತಿತು. ಎದುರು ಗೋಡೆಯಲ್ಲಿ ಬಳಿದ ಕೆಂಪು ಗೆರೆಗೆ ಬೆಳಕಿನ ಅಂಚು ಸರಿಯಾಗಿ ಕೂರಬೇಕು. “ಮೇಲೆ ಹೋಯ್ತು,” ಎಂದಳು ಹೆಂಡತಿ. ಅವನು ತಿರುಪು ತಿರುಗಿಸಿ ಇಳಿಸಿದ. “ಎಡಕ್ಕೆ.” ಸರಿಸಿದ. ಗಂಡನ ಕೆಲಸದಲ್ಲಿ ಮೂಗು ತೂರಿಸುವ ಹೆಂಗಸು ಎಂದುಕೊಂಡರೋ ಏನೋ, ಬಿಳಿ ಕಾರಿನವರು ನಕ್ಕರು. ಗೋಡೆಯ ಬುಡದಲ್ಲಿ ಮಲಗಿದ್ದ ನಾಯಿ ಬೆಳಗಾಯಿತೆಂದು ಎದ್ದು, ಮೈ ಮುರಿದು, ಬೇರೆ ಜಾಗ ಹುಡುಕಿಕೊಂಡು ಹೋಯಿತು.

ಬಿಳಿ ಕಾರಿನವರು ಕಣ್ಣು ಕಿರಿದು ಮಾಡಿದರು. “ಪರವಾಗಿಲ್ಲ. ಆದ್ರೂ ಮಂಕೇ.”

ಬಲ್ಬಿನವನಿಗೆ ರೇಗಿಹೋಯಿತು. “ಸರ್, ತಪ್ಪು ತಿಳ್ಕೋಬೇಡಿ. ಬಲ್ಬು ಬದಲಾಯ್ಸಿದ್ದು ಸಾಕು. ಒಂದ್ಸಲ ಕಣ್ಣು ತೋರಿಸ್ಕೊಳ್ಳಿ.”

ಹೆಂಡತಿ ಗಂಡನನ್ನೇ ದುರುಗುಟ್ಟಿ ನೋಡಿದಳು. ಗಿರಾಕಿಗೆ ಆಡುವ ಮಾತೇ ಅದು ಎಂದಿರಬೇಕು.

“ನನ್ನ ಕಣ್ಣಾ? ನನಗೆ ಹೇಳ್ತೀಯಾ?” ಬಿಳಿ ಕಾರಿನವರು ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡರು. “ಕಣ್ಣು ಪರೀಕ್ಷೆ ಬೋರ್ಡಲ್ಲಿ ಕೊನೆಯ ಸಾಲು ಇರುತ್ತಲ್ಲ, ಇರುವೆ ಗಾತ್ರದ್ದು? ಗ, ಟ, ಪ, ರ, ಲ, ವ. ಈ ಕಣ್ಣು ಮುಚ್ಚಿದ್ರೂ ಗ, ಟ, ಪ, ರ, ಲ, ವ. ಆ ಕಣ್ಣು ಮುಚ್ಚಿದ್ರೂ ಅದೇ. ನೀನು ಬಾಯಿ ಮುಚ್ಚು.”

ಅಷ್ಟು ಹೇಳಿ, ರಭಸದಿಂದ ಕಾರು ಹಿಂದಕ್ಕೆ ತೆಗೆದು, ಅಂಗಡಿ ಮುಂದಿನ ಹಳೇ ಟೈರುಗಳ ರಾಶಿಯನ್ನು ಉರುಳಿಸಿ ಹೋದರು.

ಬಲ್ಬಿನವನು ಸಿಕ್ಕಸಿಕ್ಕವರಿಗೆಲ್ಲ ಅವರ ಹಾಗೆ ಕಣ್ಣು ಮುಚ್ಚಿ ಅಭಿನಯಿಸಿ ತೋರಿಸಿದ. ವ್ಯಾನಿನ ಮಕ್ಕಳಂತೂ ಗ-ಟ-ಪ-ರ-ಲ-ವ ಎಂದು ರಾಗ ಹಚ್ಚಿ ದಾರಿಯುದ್ದಕ್ಕೂ ಹಾಡಿದವು. ನಗದೆ ಇದ್ದವಳು ಹೆಂಡತಿ ಒಬ್ಬಳೇ. “ಇನ್ನೊಬ್ರಿಗೆ ಹೇಳೋದು ಸುಲಭ ಕಣ್ರೀ,” ಎಂದಳು.

ಸೋಮವಾರ ಲೈಸೆನ್ಸು ಕಚೇರಿಯಲ್ಲಿ ಅವಳನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ, ಬಾಗಿಲ ಚೌಕಟ್ಟು ಸವರಿಕೊಂಡು ಒಳಗೆ ಹೋದ. ಮೇಜಿನ ಹಿಂದೆ ಬಿಳಿ ಕೋಟಿನದೊಂದು ಆಕಾರ. ಗೋಡೆಯಲ್ಲಿ ಬಿಳಿ ಬೋರ್ಡಿನದೊಂದು ಆಕಾರ. ಅಕ್ಷರಗಳು ನೀರಿಗೆ ಬಿದ್ದ ಶಾಯಿಯ ಹಾಗೆ ಅದರೊಳಗೆಲ್ಲೋ ಕದಡಿಹೋಗಿದ್ದವು. ಎರಡು ವರ್ಷದಿಂದ ಅವನಿಗೆ ಎಲ್ಲವೂ ಹಾಗೆಯೇ: ಡಬ್ಬದ ನಂಬರು, ಗೋಡೆಯ ಕೆಂಪು ಗೆರೆ, ವ್ಯಾನಿನ ಮುಂದಿನ ರಸ್ತೆ. ಮುಗಿಯಿತು ವ್ಯಾನಿನ ಕತೆ.

“ಕೊನೆಯ ಸಾಲು ಓದಿ,” ಎಂದಿತು ಬಿಳಿ ಕೋಟು.

ಬಲ್ಬಿನವನ ಕಿವಿ ನೆಟ್ಟಗಾಯಿತು. ತಿಂಗಳಿಡೀ ಕತ್ತಲೆ ಕತ್ತಲೆ ಎಂದು ತಲೆ ತಿಂದ ಧ್ವನಿ. ದಿನವಿಡೀ ಅದೇ ಸಾಲನ್ನು ನೂರಾರು ಬಾಯಲ್ಲಿ ಕೇಳಿ ಕೇಳಿ ಬಾಯಿಪಾಠವಾಗಿರುವ ಮನುಷ್ಯ. ಮೇಜಿನ ಈಚೆ ನಿಂತವನ ಗುರುತು ಮಾತ್ರ ಅವರಿಗೆ ಹತ್ತಲಿಲ್ಲ.

“ಗ, ಟ, ಪ, ರ, ಲ, ವ.”

“ಭೇಷ್. ಹದ್ದಿನ ಕಣ್ಣು,” ಎಂದರು ಡಾಕ್ಟರು, ಬೋರ್ಡಿನ ಕಡೆ ತಿರುಗದೆಯೇ. ಪರಪರ ಸಹಿ ಎಳೆದು ಕಾಗದ ನೀಡಿದರು. ಬಲ್ಬಿನವನ ಕೈಗೆ ಅದು ಎರಡನೇ ಪ್ರಯತ್ನಕ್ಕೆ ಸಿಕ್ಕಿತು.

ಹೊರಗೆ ಹೆಂಡತಿ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಎದ್ದು ಒಳಗೆ ಹೋದಳು. ಮರಳಿ ಬಂದು ಪಕ್ಕದಲ್ಲಿ ಕೂತಳು.

“ಸಹಿ ಮೇಜಿನ ಮೇಲಿದೆ ರೀ. ಪಕ್ಕದಲ್ಲಿ ಇನ್ನೂ ಮೂರಿವೆ. ಆ ಮೂರು ಕಾಗದ ತಗೊಂಡು ಹೋದವರು ಯಾರೂ ವಾಪಸ್ ಬಂದಿಲ್ವಂತೆ.”