ಒಂದೇ ಚಾರ್ಜಿನ ಗೂಡ್ಸ್ ಗಾಡಿ

ಹೊಸ ಬ್ಯಾಟರಿ ಇಂಜಿನ್ನು ಸಾಲು ಟ್ಯಾಂಕರುಗಳನ್ನು ಎಳೆದುಕೊಂಡು, ಒಂದೇ ಚಾರ್ಜಿನಲ್ಲಿ ಕೊನೆಯ ಸ್ಟೇಷನ್ ಮುಟ್ಟಬೇಕಿತ್ತು. ನಡುವೆ ನಿಂತರೆ ಕೋಟಿಗಟ್ಟಲೆ ಸುರಿದ ಯೋಜನೆಯೂ ಅಲ್ಲಿಗೇ ನಿಲ್ಲುತ್ತಿತ್ತು. ಅದನ್ನು ತಂದ ಸಾಹೇಬರು ಡ್ರೈವರ್ ಪಕ್ಕದಲ್ಲೇ ಕೂತಿದ್ದರು.

"ಚಾರ್ಜು ಇನ್ನೆಷ್ಟಿದೆ ರೀ?"

"ಹದಿನೈದು ಪರ್ಸೆಂಟು ಸಾರ್. ಈಗ ತಾನೇ ಕೇಳಿದ್ರಿ."

"ಫ್ಯಾನ್ ಆಫ್ ಮಾಡ್ರಿ."

ಮಾಡಿದ. ಸಾಹೇಬರು ಬೆವರತೊಡಗಿದರು. ಅಷ್ಟರಲ್ಲಿ ಹಳಿಯ ಮೇಲೆ ಎಮ್ಮೆಗಳು ಕಂಡವು. ಡ್ರೈವರ್ ಹಾರನ್ನಿಗೆ ಕೈ ಹಾಕಿದ.

"ಬೇಡ, ಚಾರ್ಜ್ ತಿನ್ನುತ್ತೆ!" ಎಂದು ಸಾಹೇಬರೇ ಕಿಟಕಿಯಿಂದ ತಲೆ ಹೊರಹಾಕಿ, "ಹೋಯ್, ಹೋಯ್!" ಎಂದು ಕೂಗಿದರು. ಎಮ್ಮೆಗಳು ಮರ್ಯಾದೆಯಿಂದ ಸರಿದವು.

"ಹಳೇ ಡೀಸೆಲ್ ಇಂಜಿನ್ನೇ ವಾಸಿಯಿತ್ತು ಸಾರ್."

"ಡೀಸೆಲ್ ಕಾಲ ಮುಗೀತು ಕಣ್ರೀ. ಇನ್ನು ಅದರ ಹೆಸರೆತ್ತಬೇಡಿ."

ಎರಡು ಪರ್ಸೆಂಟು ಉಳಿದಿರುವಾಗ ಗಾಡಿ ಸ್ಟೇಷನ್ ಮುಟ್ಟಿತು. ಸ್ಟೇಷನ್ ಮಾಸ್ಟರ್ ಓಡಿ ಬಂದರು.

"ಬೇಗ ಚಾರ್ಜಿಗೆ ಹಾಕಿಸ್ರಿ, ವಾಪಸ್ ಹೋಗ್ಬೇಕು!" ಎಂದರು ಸಾಹೇಬರು.

"ಈಗಲೇ ಹಾಕಿಸ್ತೀನಿ ಸಾರ್. ಇಲ್ಲಿಗೆ ಕರೆಂಟ್ ಲೈನ್ ಬಂದಿಲ್ಲ, ಜನರೇಟರೇ ಗತಿ. ನೀವು ಟ್ಯಾಂಕರುಗಳಲ್ಲಿ ತಂದಿರೋ ಡೀಸೆಲ್ಲು ಅಷ್ಟೂ ಸುಟ್ರೆ, ವಾಪಸ್ ಹೋಗೋಕೆ ಸರಿಯಾಗುತ್ತೆ."